ಲಂಕೆಯಲ್ಲಿ ರೂಮು ಹಿಡಿಯೋ ಮುಂಚೆ...

ಸಿನಿಮಾದ ಹೀರೋ ಫಾರಿನ್‌ಗೆ ಹೋದರೆ ರಾತ್ರಿ ಎಲ್ಲಿ ಮಲಗ್ತಾನೆ? ಯಾವತ್ತಾದರೂ ಯೋಚನೆ ಮಾಡಿದ್ದೀರಾ? ವಿಮಾನ ಇಳಿಯುತ್ತದೆ, ಕಟ್! ಮುಂದಿನ ಷಾಟ್‌ನಲ್ಲಿ ಸಮುದ್ರದ ದಂಡೆ, ತೆಂಗಿನ ಮರ, ನಾಯಕಿ, ಡ್ಯುಯೆಟ್ಟು. ಅವನ ಷರಟು ಬೆವರಿಗೆ ಬೆನ್ನಿಗೆ ಅಂಟುವುದಿಲ್ಲ. ಅವನಿಗೆ ಸೊಳ್ಳೆ ಕಚ್ಚುವುದಿಲ್ಲ. ರೂಮ್ ಬಾಯ್ ಬಂದು ‘ಬಿಸಿನೀರು ಎಂಟು ಗಂಟೆವರೆಗೆ ಮಾತ್ರ ಸಾರ್’ ಅನ್ನುವುದಿಲ್ಲ. 1978ರಲ್ಲಿ ವಿಷ್ಣುವರ್ಧನ್ ಮತ್ತು ದ್ವಾರಕೀಶ್ ‘ಸಿಂಗಪೂರಿನಲ್ಲಿ ರಾಜಾ ಕುಳ್ಳ’ ಚಿತ್ರಕ್ಕಾಗಿ ಕಡಲು ದಾಟಿದ ಮೇಲಂತೂ ನಮ್ಮ ಹುಡುಗರ ತಲೆಯಲ್ಲಿ ಫಾರಿನ್ ಅಂದರೆ ಹೀಗೇ ಅಂತ ಕೂತುಬಿಟ್ಟಿದೆ. ತಪ್ಪಿಲ್ಲ ಬಿಡಿ. ಆದರೆ ನಾವು ನೀವು ಹೋದಾಗ ಕಟ್ ಹೇಳೋಕೆ ಡೈರೆಕ್ಟರ್ ಇರೋದಿಲ್ಲ. ಸಂಜೆಯಾಗುತ್ತೆ, ಕತ್ತಲಾಗುತ್ತೆ, ಬೆನ್ನು ಚಾಚೋಕೆ ಒಂದು ಜಾಗ ಬೇಕಾಗುತ್ತೆ.

ನಾನು ಮತ್ತು ದಾವಣಗೆರೆಯ ನನ್ನೊಬ್ಬ ಗೆಳೆಯ ಒಂದು ಜುಲೈ ತಿಂಗಳಲ್ಲಿ ಹದಿನೆಂಟು ದಿನ ಶ್ರೀಲಂಕಾ ಸುತ್ತಿ ಬಂದೆವು. ಬೆಂಗಳೂರಿನಿಂದ ನೇರ ವಿಮಾನ; ಒಂದು ಸಿನಿಮಾ ನೋಡಿ ಮುಗಿಸುವಷ್ಟು ಹೊತ್ತೂ ಆಗುವುದಿಲ್ಲ, ಕೊಲಂಬೊ! ಹೋದದ್ದು ಲೊಕೇಶನ್ ನೋಡುವ ಹುಚ್ಚಿಗೆ. ಡೇವಿಡ್ ಲೀನ್ ಅವರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಕಥೆ ನಡೆಯೋದು ಸಯಾಮ್ ಕಾಡಿನಲ್ಲಿ; ಸೇತುವೆ ಕಟ್ಟಿ ಉಡಾಯಿಸಿದ್ದು ಲಂಕೆಯ ಕಿತುಲ್‌ಗಲದಲ್ಲಿ. ಸ್ಪೀಲ್‌ಬರ್ಗ್ ಅವರ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್’ (1984) ಕಥೆ ನಮ್ಮ ಭಾರತದ್ದು. ಷೂಟಿಂಗ್ ನಡೆದದ್ದು ಕ್ಯಾಂಡಿಯ ಸುತ್ತಮುತ್ತ. ಅದರ ಖಳನಾಯಕ ಮೋಲಾ ರಾಮ್ ಯಾರು ಅಂತೀರಾ? ಗಿರೀಶ್ ಕಾರ್ನಾಡರ ‘ಕಾಡು’ (1973) ಚಿತ್ರದಲ್ಲಿ ನಾವು ನೋಡಿದ ಅದೇ ಅಮರೀಶ್ ಪುರಿ! ದೀಪಾ ಮೆಹ್ತಾ ಅವರ ‘ವಾಟರ್’ (2005) ಚಿತ್ರಕ್ಕೆ ಕಾಶಿಯಲ್ಲಿ ಅಡ್ಡಿಯಾದಾಗ ಕಾಶಿಯನ್ನೇ ಲಂಕೆಯಲ್ಲಿ ಸೆಟ್ ಹಾಕಿದರು. ಒಟ್ಟಿನಲ್ಲಿ ಲಂಕೆ ಅನ್ನೋದು ಬೇರೆ ದೇಶಗಳ ಪಾತ್ರ ಮಾಡೋ ಒಳ್ಳೇ ಕ್ಯಾರೆಕ್ಟರ್ ಆರ್ಟಿಸ್ಟು.

ಲೊಕೇಶನ್ ಕಥೆ ಇನ್ನೊಮ್ಮೆ ಬರೆದೇನು. ಈಗ ಹೇಳಹೊರಟಿರೋದು ರೂಮಿನ ಕಥೆ. ಯಾಕಂದರೆ ಈ ಪ್ರವಾಸದಲ್ಲಿ ನಾನು ಕಲಿತದ್ದು ಇಷ್ಟೇ: ಬಿಸಿಲು ಮಳೆ ಎರಡೂ ಜಾಸ್ತಿ ಇರುವ ದೇಶದಲ್ಲಿ ರೂಮು ಅಂದರೆ ಮಂಚ, ಟೀವಿ, ಏಸಿ ಅಲ್ಲ. ರೂಮು ಅಂದರೆ ಗಾಳಿ, ನೀರು, ಸೊಳ್ಳೆ, ಮತ್ತು ಕೆಳಗಡೆ ಮನೆಯಲ್ಲಿರೋ ಜನ. ಇದು ತಿಳಿದವನಿಗೆ ಕಡಿಮೆ ದುಡ್ಡಲ್ಲೂ ಸುಖನಿದ್ರೆ. ತಿಳಿಯದವನಿಗೆ ದುಡ್ಡೂ ದಂಡ, ಕೆಲವೊಮ್ಮೆ ಜೀವಕ್ಕೇ ಸಂಚಕಾರ.

ಬೋರ್ಡು ನೋಡಿ ಬೇಸ್ತು ಬೀಳಬೇಡಿ

ಮೊದಲನೇ ಪಾಠ ಬೋರ್ಡಿನದು. ನಮ್ಮಲ್ಲಿ ‘ಹೋಟ್ಲಿಗೆ ಹೋಗಿ ಬರ್ತೀನಿ’ ಅಂದರೆ ಮಲಗೋಕಲ್ಲ, ದೋಸೆ ತಿನ್ನೋಕೆ. ಲಂಕೆಯಲ್ಲೂ ಥೇಟ್ ಹಾಗೇ! ರಸ್ತೆ ಬದಿಯಲ್ಲಿ ‘ಹೋಟೆಲ್’ ಅಂತ ಬೋರ್ಡಿದ್ದರೆ ಒಳಗೆ ಅನ್ನ, ಸಾರು, ಮೀನು, ಟೀ. ಬಿಳಿಯರು ಪೆಟ್ಟಿಗೆ ಹೊತ್ತು ಒಳಗೆ ಹೋಗಿ ಪೆಚ್ಚಾಗಿ ಹೊರಗೆ ಬರ್ತಾರೆ. ನಾವು ಕನ್ನಡದವರು ನೇರ ಟೇಬಲ್ಲಿಗೆ ಹೋಗಿ ಕೂರ್ತೀವಿ. ಮಲಗೋಕೆ ಜಾಗ ಬೇಕಾದರೆ ‘ಗೆಸ್ಟ್ ಹೌಸ್’, ‘ಹೋಂಸ್ಟೇ’, ‘ರೆಸ್ಟ್ ಹೌಸ್’ ಅನ್ನೋ ಬೋರ್ಡು ಹುಡುಕಿ.

ರೆಸ್ಟ್ ಹೌಸ್ ಅಂದರೆ ನಮ್ಮ ಹಳೇ ಟ್ರಾವೆಲರ್ಸ್ ಬಂಗಲೆಯ ಅಣ್ಣತಮ್ಮ ಅನ್ನಿ. ಕುದುರೆ ಮೇಲೆ, ಗಾಡಿ ಮೇಲೆ ಸಾಹೇಬರು ಓಡಾಡುತ್ತಿದ್ದ ಕಾಲದ್ದು. ಎತ್ತರದ ಚಾವಣಿ, ಅಗಲ ವರಾಂಡ, ಹೆಚ್ಚಾಗಿ ಊರಿನ ಒಳ್ಳೇ ನೋಟದ ಜಾಗದಲ್ಲೇ ಇರುತ್ತೆ. ಅದಕ್ಕೂ ಹಿಂದಿನದು ‘ಅಂಬಲಮ’. ನಾಲ್ಕು ಕಡೆ ತೆರೆದ, ಕಂಬದ ಮೇಲೆ ಸೂರು ಹೊತ್ತ ದಾರಿಬದಿಯ ತಂಗುದಾಣ. ನಮ್ಮ ಛತ್ರ, ಅರವಟ್ಟಿಗೆ ಇದ್ದ ಹಾಗೆ. ಕುರುನೇಗಲ ಜಿಲ್ಲೆಯ ಪನಾವಿಟಿಯದಲ್ಲಿ ಕೆತ್ತನೆಯ ಮರದ ಕಂಬಗಳ ಹಳೇ ಅಂಬಲಮ ಇವತ್ತಿಗೂ ನಿಂತಿದೆ. ಅನುರಾಧಪುರ, ಕತರಗಾಮದಂಥ ಪುಣ್ಯಕ್ಷೇತ್ರಗಳಲ್ಲಿ ಯಾತ್ರಿಕರಿಗಾಗಿ ‘ವಿಶ್ರಾಮ ಶಾಲಾ’ಗಳಿವೆ. ಕತರಗಾಮದ ದೇವರು ಯಾರು ಗೊತ್ತೆ? ನಮ್ಮ ಕುಕ್ಕೆಯ ಸುಬ್ರಹ್ಮಣ್ಯನೇ! ಅಲ್ಲಿ ಬೌದ್ಧರೂ ಅವನಿಗೆ ಕೈ ಮುಗೀತಾರೆ.

ಇನ್ನೊಂದು ವಿಷಯ. ವಿಮಾನ ನಿಲ್ದಾಣ ಇರೋದು ಕೊಲಂಬೊದಲ್ಲಲ್ಲ, ಕಟುನಾಯಕದಲ್ಲಿ. ರಾತ್ರಿ ಹೊತ್ತು ಇಳಿದರೆ ಮೂವತ್ತು ಚಿಲ್ಲರೆ ಕಿಲೋಮೀಟರ್ ಕೊಲಂಬೊಗೆ ಓಡೋ ಬದಲು ಪಕ್ಕದ ನೆಗೊಂಬೊ ಊರಲ್ಲೇ ತಂಗಿ. ಪ್ರವೇಶದ ಅರ್ಜಿಯಲ್ಲಿ ತಂಗುವ ವಿಳಾಸ ಕೇಳ್ತಾರೆ. ಹಾಗಾಗಿ ಮೊದಲನೇ ರಾತ್ರಿಯ ರೂಮನ್ನು ಮಾತ್ರ ಊರಿಂದಲೇ ಗೊತ್ತು ಮಾಡಿಕೊಂಡು ಹೋಗಿ. ಮಿಕ್ಕಿದ್ದನ್ನು ಕಣ್ಣಾರೆ ನೋಡಿ ಹಿಡಿಯಿರಿ. ಫೋಟೋ ನೋಡಿ ಎಲ್ಲಾ ರಾತ್ರಿಗೂ ದುಡ್ಡು ಕಟ್ಟೋದು, ಪೋಸ್ಟರ್ ನೋಡಿ ಇಡೀ ವಾರದ ಟಿಕೆಟ್ ಕೊಂಡ ಹಾಗೆ!

ಎರಡು ಮಳೆಗಾಲದ ದೇಶ

ಲಂಕೆಯ ನಕ್ಷೆ ನೋಡಿದರೆ ಚಿಕ್ಕ ದೇಶ. ಆದರೆ ಮಳೆರಾಯ ಅದನ್ನು ಎರಡು ಪಾಲು ಮಾಡಿಕೊಂಡಿದ್ದಾನೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮುಂಗಾರೇ ಅಲ್ಲಿನ ನೈಋತ್ಯ ಭಾಗಕ್ಕೂ ಬರುತ್ತದೆ. ಕೊಲಂಬೊ, ಗಾಲೆ, ಬೆಂತೊಟ ಕಡೆ ಕಡಲು ಕೆರಳಿರುತ್ತದೆ. ಅದೇ ಹೊತ್ತಿಗೆ ಪೂರ್ವದ ಟ್ರಿಂಕೋಮಲಿ, ಅರುಗಂ ಕೊಲ್ಲಿಯಲ್ಲಿ ಬಿಸಿಲು, ತಣ್ಣನೆ ಸಮುದ್ರ. ಡಿಸೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯ ಮಳೆ. ಆಗ ಆಟ ತಿರುಗುಮುರುಗು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಗಾಲೆ ಕಡೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರಿಂಕೋಮಲಿ ಕಡೆ ಅಂತ ನೆನಪಿಟ್ಟುಕೊಂಡರೆ ಸಾಕು.

ಇದನ್ನು ಯಾಕೆ ಹೇಳಿದೆ ಅಂದರೆ ರೂಮಿನ ಬಾಡಿಗೆ ನಿಂತಿರೋದೇ ಈ ಲೆಕ್ಕದ ಮೇಲೆ. ಸೀಸನ್ನಿನಲ್ಲಿ ಮುಖ ಕೊಟ್ಟು ಮಾತಾಡದ ಗೆಸ್ಟ್ ಹೌಸ್‌ನವನು ಆಫ್ ಸೀಸನ್ನಿನಲ್ಲಿ ಬಾಗಿಲಿಗೇ ಬಂದು ಬ್ಯಾಗು ಇಳಿಸಿಕೊಳ್ತಾನೆ. ಕ್ಯಾಂಡಿಯಲ್ಲಿ ಜುಲೈ–ಆಗಸ್ಟ್ ಹೊತ್ತಿಗೆ ‘ಎಸಲ ಪೆರಹರ’, ಅಂದರೆ ಬುದ್ಧನ ದಂತಧಾತುವಿನ ಉತ್ಸವ. ನಮ್ಮ ಮೈಸೂರು ದಸರಾ ಇದ್ದ ಹಾಗೆ ಆನೆಗಳ ಮೆರವಣಿಗೆ. ಆ ದಿನಗಳಲ್ಲಿ ರೂಮು ಸಿಕ್ಕುವುದೇ ಕಷ್ಟ, ಸಿಕ್ಕರೆ ಬಾಡಿಗೆ ಬ್ಲ್ಯಾಕ್ ಟಿಕೆಟ್ಟಿನ ರೇಟು! ಏಪ್ರಿಲ್‌ನಲ್ಲಿ ಸಿಂಹಳ–ತಮಿಳು ಹೊಸ ವರ್ಷ; ಆಗ ಕೊಲಂಬೊದ ಸ್ಥಿತಿವಂತರೆಲ್ಲ ತಂಪಿಗಾಗಿ ನುವರ ಎಲಿಯಕ್ಕೆ ಹತ್ತಿರ್ತಾರೆ. ಅಲ್ಲೂ ಅದೇ ಪಾಡು.

ಅಂದ ಹಾಗೆ, ಹುಣ್ಣಿಮೆ ದಿನ ಅಲ್ಲಿ ‘ಪೋಯ’, ಸರ್ಕಾರಿ ರಜೆ. ಅವತ್ತು ಮದ್ಯ ಮಾರುವಂತಿಲ್ಲ. ಲಾಡ್ಜಿನ ರೂಮಿನಲ್ಲಿ ಕೂತು ಬಿಯರಿಗಾಗಿ ಬೆಲ್ ಒತ್ತಿದರೆ ಬರೋದು ಟೀ ಮಾತ್ರ. ಪಂಚಾಂಗ ನೋಡಿಕೊಂಡು ಹೋಗಿ!

ಗಾಳಿ ಮೊದಲು, ಹಾಸಿಗೆ ಆಮೇಲೆ

ಕೊಲಂಬೊದಲ್ಲಿ ನಾವು ಹಿಡಿದದ್ದು ಏಸಿ ರೂಮು. ರೈಲ್ವೆ ಸ್ಟೇಷನ್ ಹೊರಗೆ ಒಬ್ಬ ತ್ರೀ ವೀಲರ್‌ನವನು ಸಿಕ್ಕಿದ. ನಾವು ಹೇಳಿದ ಲಾಡ್ಜಿನ ಹೆಸರು ಕೇಳಿ ‘ಅಯ್ಯೋ, ಅದು ಮುಚ್ಚಿಹೋಯ್ತಲ್ಲ’ ಅಂತ ತಲೆ ಆಡಿಸಿ, ತನಗೆ ಗೊತ್ತಿದ್ದ ಕಡೆ ತಂದು ಬಿಟ್ಟ. (ಮುಚ್ಚಿರಲಿಲ್ಲ. ಮಾರನೇ ದಿನ ಅದರ ಮುಂದೆಯೇ ನಡೆದು ಹೋದೆವು. ಕಮಿಷನ್ ಮಹಿಮೆ! ಯಾರಾದರೂ ಹೀಗಂದರೆ ‘ಮುಚ್ಚಿರೋ ಬಾಗಿಲನ್ನೇ ನೋಡ್ತೀವಿ, ನಡಿಯಪ್ಪ’ ಅನ್ನಿ.) ರೂಮೋ, ಥಳಥಳ ಟೈಲ್ಸು, ದೊಡ್ಡ ಟೀವಿ, ಮೇಲಿನ ಮಹಡಿ. ಕಿಟಕಿ? ಇತ್ತು, ಆದರೆ ತೆಗೆಯೋಕೆ ಬರುತ್ತಿರಲಿಲ್ಲ. ರಾತ್ರಿ ಹತ್ತಕ್ಕೆ ಕರೆಂಟು ಹೋಯಿತು. ಹತ್ತು ನಿಮಿಷದಲ್ಲಿ ರೂಮು ಇಡ್ಲಿ ಪಾತ್ರೆ!

ಕಾರಣ ಸರಳ. ಆರ್‌ಸಿಸಿ ಛಾವಣಿ ಹಗಲಿಡೀ ಬಿಸಿಲು ಕುಡಿಯುತ್ತದೆ, ರಾತ್ರಿಯೆಲ್ಲ ಅದನ್ನು ನಮ್ಮ ಮೇಲೆ ಕಕ್ಕುತ್ತದೆ. ಮೇಲೆ ಇನ್ನೊಂದು ಮಹಡಿ ಇರುವ ರೂಮು, ಇಲ್ಲವೇ ಹಂಚಿನ ಮಾಡು ಇರುವ ರೂಮು ಎಷ್ಟೋ ತಂಪು. ಪಶ್ಚಿಮದ ಗೋಡೆ ಸಂಜೆ ಬಿಸಿಲು ತಿನ್ನುವ ಗೋಡೆ. ಅದಕ್ಕೆ ಒತ್ತಿದ ಮಂಚ ಬೇಡ. ಇನ್ನೊಂದು ಗುಟ್ಟು: ಆ ದೇಶದಲ್ಲಿ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ಬೆವರು ಆರದೆ ಮೈಮೇಲೇ ನಿಲ್ಲುತ್ತದೆ. ಹೀಗಾಗಿ ಸೆಖೆ ಎಷ್ಟು ಡಿಗ್ರಿ ಅನ್ನೋದಕ್ಕಿಂತ ಗಾಳಿ ಆಡುತ್ತದೋ ಇಲ್ಲವೋ ಅನ್ನೋದೇ ಮುಖ್ಯ. ಎದುರುಬದುರು ಎರಡು ಕಿಟಕಿ, ತಲೆ ಮೇಲೆ ಜೋರಾಗಿ ತಿರುಗೋ ಫ್ಯಾನು, ಇವೆರಡಿದ್ದರೆ ಬಡವನ ಏಸಿ ಸಿಕ್ಕಂತೆ. ಫ್ಯಾನಿನ ಗಾಳಿಗೆ ಸೊಳ್ಳೆಗೂ ಹಾರೋದು ಕಷ್ಟ. ಬಹಳ ಕಡೆ ಫ್ಯಾನ್ ರೂಮಿಗೆ ಒಂದು ರೇಟು, ಏಸಿ ರೂಮಿಗೆ ಇನ್ನೊಂದು ರೇಟು. ಗಾಳಿ ಆಡೋ ಫ್ಯಾನ್ ರೂಮು ಕಣ್ಣು ಮುಚ್ಚಿ ಹಿಡೀಬಹುದು.

ಹಳಬರಿಗೆ ಇದೆಲ್ಲ ಗೊತ್ತಿತ್ತು ನೋಡಿ. ಗಾಲೆ ಕೋಟೆಯೊಳಗೆ ಡಚ್ಚರ ಕಾಲದ ಮನೆಗಳಲ್ಲಿ ಈಗ ಗೆಸ್ಟ್ ಹೌಸ್‌ಗಳಿವೆ. ದಪ್ಪ ಗೋಡೆ, ರಸ್ತೆ ಕಡೆ ವರಾಂಡ, ಒಳಗೆ ಆಕಾಶಕ್ಕೆ ತೆರೆದ ಅಂಗಳ. ನಮ್ಮ ತೊಟ್ಟಿ ಮನೆಯೇ! ಸಿಂಹಳದಲ್ಲಿ ಈ ನಡು ಅಂಗಳಕ್ಕೆ ‘ಮೆದ ಮಿದುಲ’ ಅಂತಾರೆ. ಜೆಫ್ರಿ ಬಾವಾ (1919–2003) ಅನ್ನೋ ಅಲ್ಲಿನ ಮಹಾನ್ ವಾಸ್ತುಶಿಲ್ಪಿ ಈ ಅಂಗಳ, ವರಾಂಡ, ಇಳಿಜಾರು ಮಾಡನ್ನೇ ಹಿಡಿದು ಹೊಸ ಕಾಲದ ಕಟ್ಟಡ ಕಟ್ಟಿ ಜಗತ್ತಿನಲ್ಲೇ ಹೆಸರಾದರು. 1969ರ ಬೆಂತೊಟ ಬೀಚ್ ಹೋಟೆಲ್, 1994ರ ದಂಬುಲ್ಲ ಬಳಿಯ ಕಂದಲಮ ಹೋಟೆಲ್ ಅವರದ್ದೇ. ಕಂದಲಮ ಕಟ್ಟಡವಂತೂ ಬಳ್ಳಿಗಳಲ್ಲಿ ಮುಚ್ಚಿಹೋಗಿ ಬಂಡೆ ಯಾವುದು ಹೋಟೆಲ್ ಯಾವುದು ಗೊತ್ತಾಗೋದಿಲ್ಲ. ಅಲ್ಲಿ ತಂಗೋ ಯೋಗ್ಯತೆ ನಮ್ಮ ಜೇಬಿಗಿಲ್ಲ. ದೂರದಿಂದ ನೋಡಿದ್ದಕ್ಕೆ ಬಿಲ್ ಹಾಕಲಿಲ್ಲ, ಅಷ್ಟು ಪುಣ್ಯ!

ಬೆಟ್ಟದ ಮೇಲೆ, ಕಡಲ ಪಕ್ಕ

ಲಂಕೆ ಅಂದರೆ ಬರೀ ಸೆಖೆ ಅಂದುಕೊಂಡವನು ನುವರ ಎಲಿಯದಲ್ಲಿ ಹಲ್ಲು ಕಡೀತಾನೆ. 1868 ಮೀಟರ್ ಎತ್ತರದ ಊರು, ನಮ್ಮ ಮಡಿಕೇರಿಗಿಂತ ಎಷ್ಟೋ ಮೇಲೆ. ಜನವರಿ ಬೆಳಗಿನಲ್ಲಿ ಹುಲ್ಲಿನ ಮೇಲೆ ಹಿಮ ಕೂರುವುದೂ ಉಂಟು. ಅಲ್ಲಿ ಫ್ಯಾನ್ ಕೇಳಬೇಡಿ. ಕಂಬಳಿ ಎಷ್ಟು, ಬಿಸಿನೀರು ಯಾವ ಹೊತ್ತಿಗೆ, ಹಾಸಿಗೆ ಥಂಡಿ ಹಿಡಿದಿದೆಯೋ ಇಲ್ಲವೋ ಕೇಳಿ, ಕೈಯಿಂದ ಒತ್ತಿ ನೋಡಿ. ಶ್ರೀಪಾದ ಬೆಟ್ಟ (2243 ಮೀಟರ್) ಹತ್ತುವವರು ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್‌ವರೆಗಿನ ಯಾತ್ರೆಯ ಕಾಲದಲ್ಲಿ ಹೋಗಬೇಕು. ಸೂರ್ಯೋದಯ ನೋಡಲು ನಡುರಾತ್ರಿ ಎರಡಕ್ಕೆಲ್ಲ ಎದ್ದು ಹೊರಡುತ್ತಾರೆ. ಅರ್ಧ ರಾತ್ರಿಯ ನಿದ್ದೆಗೆ ಪೂರ್ತಿ ಬಾಡಿಗೆ ಯಾಕೆ ಅಂತ ಚೌಕಾಸಿ ಮಾಡಿ, ಒಪ್ಪುವವರು ಸಿಗ್ತಾರೆ.

ಬೆಟ್ಟದ ಸೀಮೆಯಲ್ಲಿ ರೂಮು ಹಿಡಿಯುವಾಗ ನೋಟ ಒಂದನ್ನೇ ನೋಡಬೇಡಿ, ಹಿಂದಿರೋ ಗುಡ್ಡವನ್ನೂ ನೋಡಿ. ಇದು ಹೆದರಿಸೋ ಮಾತಲ್ಲ. 2014ರ ಅಕ್ಟೋಬರಿನಲ್ಲಿ ಬದುಲ್ಲ ಜಿಲ್ಲೆಯ ಮೀರಿಯಬೆದ್ದದಲ್ಲಿ ಗುಡ್ಡ ಜಾರಿ ಟೀ ತೋಟದ ಕೂಲಿಗಳ ಮನೆಸಾಲೇ ಮಣ್ಣಾಯಿತು. 2016ರ ಮೇಯಲ್ಲಿ ಅರನಾಯಕದಲ್ಲಿ ಮತ್ತೆ ಅದೇ ದುರಂತ. 2025ರ ನವೆಂಬರ್ ಕೊನೆಯಲ್ಲಿ ‘ದಿತ್ವಾ’ ಚಂಡಮಾರುತ ಬಂದಾಗಲೂ ಬೆಟ್ಟದ ಊರುಗಳಿಗೆ ದೊಡ್ಡ ಪೆಟ್ಟು ಬಿತ್ತು. ಜೋರು ಮಳೆಯ ವಾರದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಕಟ್ಟಿದ ಲಾಡ್ಜು ಬೇಡ. ಮನೆಯವರನ್ನೇ ‘ಎಚ್ಚರಿಕೆ ಬಂದಿದೆಯಾ?’ ಅಂತ ಕೇಳಿ. ರೈಲು, ರಸ್ತೆ ತೆರೆದಿವೆಯೇ ಅಂತಲೂ ವಿಚಾರಿಸಿಯೇ ಹೊರಡಿ.

ಕಡಲ ಪಕ್ಕದ ಮಾತು ಇನ್ನೊಂದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಲಂಕೆಯಲ್ಲಿ ಸತ್ತವರು 30 ಸಾವಿರಕ್ಕೂ ಹೆಚ್ಚು. ಪೆರಲಿಯ ಎಂಬಲ್ಲಿ ಇಡೀ ರೈಲೇ ಕೊಚ್ಚಿಹೋಯಿತು. ಕಡಲಂಚಿನ ರೂಮು ಚೆಂದ, ಅನುಮಾನವಿಲ್ಲ. ಆದರೆ ಬ್ಯಾಗು ಇಟ್ಟ ಮೇಲೆ ಒಮ್ಮೆ ಹೊರಗೆ ಬಂದು ಎತ್ತರದ ಜಾಗಕ್ಕೆ ಓಡೋ ದಾರಿ ಯಾವ ಕಡೆ ಅಂತ ನೋಡಿಕೊಳ್ಳಿ. ದಾರಿ ತೋರೋ ಫಲಕಗಳು ಅನೇಕ ಕಡೆ ಇವೆ. ಎರಡು ನಿಮಿಷದ ಕೆಲಸ.

ದುಡ್ಡಿನ ವಿಚಾರ

2022ರಲ್ಲಿ ಲಂಕೆಯ ಆರ್ಥಿಕತೆ ಕುಸಿದಾಗ, ಮಾರ್ಚ್ ಮೊದಲಲ್ಲಿ ಡಾಲರಿಗೆ 200ರ ಆಸುಪಾಸಿದ್ದ ಅವರ ರೂಪಾಯಿ ಮೇ ಹೊತ್ತಿಗೆ 360ರ ಹತ್ತಿರ ಹೋಯಿತು. ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ, ಗಂಟೆಗಟ್ಟಲೆ ಕತ್ತಲು. ಆ ಜನ ಅದನ್ನೆಲ್ಲ ಕಂಡವರು. ಹಾಗಾಗಿ ಚೌಕಾಸಿ ಮಾಡಿ, ಆದರೆ ಬಡ ಮನೆಯವರ ಹೊಟ್ಟೆ ಮೇಲೆ ಹೊಡೆಯೋ ಚೌಕಾಸಿ ಬೇಡ. ಮೂರು ರಾತ್ರಿ ಇರ್ತೀವಿ ಅಂದರೆ ಅವರೇ ಇಳಿಸ್ತಾರೆ.

ದೊಡ್ಡ ಹೋಟೆಲುಗಳಲ್ಲಿ ರೇಟಿನ ಪಕ್ಕ ಎರಡು ‘ಪ್ಲಸ್’ ಗುರುತು ಇದ್ದರೆ ಹುಷಾರು! ಅದರರ್ಥ ಸರ್ವಿಸ್ ಚಾರ್ಜು ಮತ್ತು ತೆರಿಗೆ ಬೇರೆ. ಸರ್ವಿಸ್ ಚಾರ್ಜು ಸಾಮಾನ್ಯವಾಗಿ ನೂರಕ್ಕೆ 10. ವ್ಯಾಟ್ 2024ರ ಜನವರಿಯಿಂದ ನೂರಕ್ಕೆ 18ಕ್ಕೆ ಏರಿತು. ಕೈ ಕುಲುಕುವ ಮುಂಚೆ ‘ಎಲ್ಲಾ ಸೇರಿ ಎಷ್ಟು?’ ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಂಹಳದಲ್ಲಿ ‘ಕೀಯದ?’ ಅಂದರೆ ‘ಎಷ್ಟು?’. ಈ ಒಂದು ಪದ ಕಲಿತರೆ ಅರ್ಧ ಲಂಕೆ ಗೆದ್ದ ಹಾಗೆ. ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರದ ನೋಂದಣಿ ಪತ್ರ ಗೋಡೆಯ ಮೇಲಿದೆಯಾ ನೋಡಿ. ಊಟ ಮನೆಯಲ್ಲೇ ಬೇಕಾದರೆ ಮಧ್ಯಾಹ್ನವೇ ಹೇಳಿ. ಅನ್ನ, ನಾಲ್ಕೈದು ಬಗೆ ಪಲ್ಯ, ಕಾಯಿ ಸಂಬೋಲ, ಹಪ್ಪಳ... ಹೊರಗಡೆ ‘ಹೋಟೆಲ್’ ಊಟವೂ ಚೆನ್ನ, ಆದರೆ ಮನೆಯೂಟದ ಮುಂದೆ ಅದು ಸೈಡ್ ರೋಲು!

ಹಗಲು ಕಚ್ಚುವ ವಿಲನ್

ಈಗ ಬರೋಣ ನಿಜವಾದ ಖಳನಾಯಕನ ಹತ್ತಿರ. ಮಲೇರಿಯಾವನ್ನು ಲಂಕೆ ಗೆದ್ದಿದೆ; 2016ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ‘ಮಲೇರಿಯಾ ಮುಕ್ತ’ ಅಂತ ಸರ್ಟಿಫಿಕೇಟು ಕೊಟ್ಟಿತು. ದೊಡ್ಡ ಸಾಧನೆ, ನಾವು ಕಲಿಯಬೇಕಾದ್ದು. ಆದರೆ ಡೆಂಗೆ ಬಿಟ್ಟಿಲ್ಲ. 2017 ಒಂದೇ ವರ್ಷದಲ್ಲಿ 1 ಲಕ್ಷ 86 ಸಾವಿರ ಜನಕ್ಕೆ ಡೆಂಗೆ ಶಂಕೆ ದಾಖಲಾಯಿತು. ಈ ಡೆಂಗೆ ಸೊಳ್ಳೆ ನಮ್ಮ ಸಿನಿಮಾದ ವಿಲನ್ ಹಾಗೆ ರಾತ್ರಿ ಬರೋದಿಲ್ಲ. ಬೆಳಗಿನ ಹೊತ್ತು, ಸಂಜೆಗೆ ಮುಂಚೆ, ಹಾಡುಹಗಲೇ ಕಚ್ಚುತ್ತದೆ. ಕೊಳಚೆ ನೀರೂ ಬೇಕಿಲ್ಲ. ಹೂಕುಂಡದ ತಟ್ಟೆ, ಎಳನೀರಿನ ಬುರುಡೆ, ಹಳೇ ಟೈರು, ಎಲೆ ಕಟ್ಟಿದ ಮಳೆನೀರಿನ ದೋಣಿ, ಇಷ್ಟು ತಿಳಿನೀರಿದ್ದರೆ ಸಾಕು ಸಂಸಾರ ಹೂಡುತ್ತದೆ.

ಅಂದರೆ ಏನಾಯಿತು? ರಾತ್ರಿ ಸೊಳ್ಳೆಪರದೆ ಕಟ್ಟಿದರೆ ಕೆಲಸ ಮುಗಿಯಲಿಲ್ಲ. ಮಧ್ಯಾಹ್ನ ಅಡ್ಡಾದರೂ ಪರದೆಯೊಳಗೇ. ರೂಮು ನೋಡುವಾಗ ಪರದೆಯನ್ನು ಬಿಡಿಸಿ ತೂತು ಹುಡುಕಿ. ಕಿಟಕಿಗೆ ಜಾಲರಿ ಇದೆಯಾ ನೋಡಿ. ಆಮೇಲೆ ಕಾರಿಡಾರಿನ ಹೂಕುಂಡ ನೋಡಿ. ಕೊಲಂಬೊದ ಆ ಥಳಥಳ ಲಾಡ್ಜಿನ ಬಾಗಿಲ ಎರಡೂ ಕಡೆ ಚೆಂದದ ಕುಂಡಗಳಿದ್ದವು. ತಟ್ಟೆಯ ತುಂಬ ನೀರು, ನೀರಿನ ತುಂಬ ಕುಣಿಯೋ ಹುಳ. ರಿಸೆಪ್ಷನ್ನಿನಲ್ಲಿ ಹೇಳಿದರೆ ‘ನಾಳೆ ತೆಗೀತೀವಿ’ ಅಂದರು. ಆ ನಾಳೆ ನಾವಿದ್ದ ಮೂರು ದಿನದಲ್ಲಿ ಬರಲಿಲ್ಲ.

‘ಉಣ! ಉಣ!’

ಕಚ್ಚಿದ ಮೇಲೆ ಜ್ವರ ಬರೋಕೆ ನಾಲ್ಕರಿಂದ ಹತ್ತು ದಿನ ಬೇಕು. ನನ್ನ ಗೆಳೆಯನಿಗೆ ಎಲ್ಲಿ ಕಚ್ಚಿತೋ ದೇವರೇ ಬಲ್ಲ. ಕಿತುಲ್‌ಗಲದಲ್ಲಿ ಡೇವಿಡ್ ಲೀನ್ ಸೇತುವೆಯ ಉಳಿದ ತಳಪಾಯದ ಮೇಲೆ ನಿಂತು ಅಲೆಕ್ ಗಿನ್ನೆಸ್ ಥರ ಸೆಲ್ಯೂಟ್ ಹೊಡೆದು ಫೋಟೋ ತೆಗೆಸಿಕೊಂಡವನು, ಎಂಟನೇ ದಿನ ಕ್ಯಾಂಡಿಯ ಗೆಸ್ಟ್ ಹೌಸಿನಲ್ಲಿ ಹಾಸಿಗೆ ಬಿಟ್ಟು ಏಳಲಿಲ್ಲ. ಕಣ್ಣಿನ ಹಿಂದೆ ನೋವು, ಮೂಳೆ ಮೂಳೆ ನೋವು.

ಅದು ಒಬ್ಬ ಸಿಂಹಳ ಅಜ್ಜಿಯ ಮನೆ. ಮೂರೇ ರೂಮು, ಹಂಚಿನ ಮಾಡು. ಅಜ್ಜಿಗೆ ಅರ್ಧ ತಮಿಳು, ಅರ್ಧ ಇಂಗ್ಲಿಷ್; ನಮ್ಮನ್ನು ‘ಪುತಾ’ ಅಂತ ಕರೀತಿದ್ದರು, ಅಂದರೆ ಮಗನೇ. ಟೀ ತಂದವರು ಅವನ ಹಣೆ ಮುಟ್ಟಿ ಗಾಬರಿಯಿಂದ ‘ಉಣ! ಉಣ!’ ಅಂದರು.

ನನ್ನ ಗೆಳೆಯ ಕಣ್ಣು ಬಿಡದೆ, ‘ಉಣ್ಣಾಕ ಬ್ಯಾಡಬೇ ಅಜ್ಜಿ, ಹಸಿವಿಲ್ಲ’ ಅಂದ.

ಸಿಂಹಳದಲ್ಲಿ ‘ಉಣ’ ಅಂದರೆ ಜ್ವರ! ಆ ಹೊತ್ತಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಮಾತ್ರ ನಗಲಿಲ್ಲ. ಮೇಜಿನ ಮೇಲೆ ನಾವು ಊರಿಂದ ತಂದಿದ್ದ ಮಾತ್ರೆಗಳ ಡಬ್ಬಿ ಬಿಚ್ಚಿ, ನೋವಿನ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಎತ್ತಿ ತಮ್ಮ ಸೆರಗಿಗೆ ಕಟ್ಟಿಕೊಂಡರು. ಬಿಟ್ಟದ್ದು ಪ್ಯಾರಾಸಿಟಮಾಲ್ ಒಂದನ್ನೇ. ಆಮೇಲೆ ಫೋನ್ ಎತ್ತಿ 1990 ಒತ್ತಿದರು. ಅದು ಲಂಕೆಯ ‘ಸುವಸೆರಿಯ’ ಆಂಬುಲೆನ್ಸ್, ಉಚಿತ. 2016ರಲ್ಲಿ ಶುರುವಾದ ಈ ಸೇವೆಗೆ ಹಣ ಕೊಟ್ಟದ್ದು ನಮ್ಮ ಭಾರತ ಸರ್ಕಾರ. ಪರದೇಶದ ಬೀದಿಯಲ್ಲಿ ನಮ್ಮ ದೇಶದ ನೆರವಿನ ವ್ಯಾನು ನಮ್ಮ ಹುಡುಗನನ್ನೇ ಹೊತ್ತುಕೊಂಡು ಹೋಯಿತು!

ಆಸ್ಪತ್ರೆಯಲ್ಲಿ ರಕ್ತ ನೋಡಿ ಡೆಂಗೆ ಅಂದರು. ಡಾಕ್ಟರು ಹೇಳಿದ್ದನ್ನು ನಿಮಗೂ ಹೇಳ್ತೀನಿ, ಕಿವಿಗೊಟ್ಟು ಕೇಳಿ. ಆಸ್ಪಿರಿನ್, ಐಬುಪ್ರೊಫೆನ್ ಥರದ ಮಾತ್ರೆ ಡೆಂಗೆಯಲ್ಲಿ ರಕ್ತಸ್ರಾವಕ್ಕೆ ದಾರಿ, ಮುಟ್ಟಕೂಡದು. ಎರಡನೆಯದು ಇನ್ನೂ ಮುಖ್ಯ: ಜ್ವರ ಇಳಿದ ಕೂಡಲೇ ಗೆದ್ದೆ ಅಂತ ಹೊರಡಬೇಡಿ. ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯೋ ಹೊತ್ತೇ ಗಂಡಾಂತರದ ಹೊತ್ತು. ಹೊಟ್ಟೆ ನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಕ್ಷಣ ಆಸ್ಪತ್ರೆ. ನನ್ನ ಗೆಳೆಯ ನಾಲ್ಕನೇ ದಿನ ಜ್ವರ ಬಿಟ್ಟು ‘ನಡೀಲೇ, ಟ್ರಿಂಕೋಮಲಿಗೆ ಹೋಗಣ’ ಅಂದ. ಅವತ್ತೇ ರಾತ್ರಿ ಅವನ ಬಿ.ಪಿ. ಇಳಿಯಿತು. ಆಸ್ಪತ್ರೆಯಲ್ಲಿದ್ದ, ಡ್ರಿಪ್ ಹಾಕಿದರು, ಉಳಿದ. ಟ್ರಿಂಕೋಮಲಿ ಬಸ್ಸಿನಲ್ಲಿ ಇದ್ದಿದ್ದರೆ? ಆ ಪ್ರಶ್ನೆಯನ್ನು ನಾವಿಬ್ಬರೂ ಇವತ್ತಿಗೂ ಜೋರಾಗಿ ಕೇಳಿಕೊಂಡಿಲ್ಲ.

ಅಜ್ಜಿ ದಿನಾ ಸೊಪ್ಪಿನ ಗಂಜಿ, ಕೇಸರಿ ಬಣ್ಣದ ‘ತಂಬಿಲಿ’ ಎಳನೀರು ಹೊತ್ತು ಬರುತ್ತಿದ್ದರು. ಹೊರಡುವ ದಿನ ಲೆಕ್ಕ ಮಾಡಿದರೆ ಅವನ ಮಂಚ ಖಾಲಿಯಿದ್ದ ರಾತ್ರಿಗಳ ಬಾಡಿಗೆ ಬಿಲ್ಲಿನಲ್ಲಿ ಇರಲೇ ಇಲ್ಲ. ಸೆರಗಿಗೆ ಕಟ್ಟಿದ್ದ ಮಾತ್ರೆಗಳನ್ನು ಮಾತ್ರ ಕಾಗದದಲ್ಲಿ ಮಡಿಸಿ ಲೆಕ್ಕವಾಗಿ ವಾಪಸು ಕೊಟ್ಟರು. ಕೊಲಂಬೊದ ಅರ್ಧ ಬಾಡಿಗೆಯೂ ಇರಲಿಲ್ಲ ಆ ರೂಮಿಗೆ. ಏಸಿ ಇರಲಿಲ್ಲ, ಟೀವಿ ಇರಲಿಲ್ಲ, ಗೋಡೆ ಮೇಲೆ ಹಲ್ಲಿ ಇತ್ತು. (ಹಲ್ಲಿ ಲೊಚಗುಟ್ಟಿದರೆ ಅವರೂ ಶಕುನ ನೋಡ್ತಾರೆ, ನಮ್ಮ ಹಾಗೇ!)

ಹತ್ತು ನಿಮಿಷದ ಟ್ರಯಲ್ ಷೋ

ರೂಮು ಹಿಡಿಯೋ ಮುಂಚೆ ಹತ್ತು ನಿಮಿಷ ಟ್ರಯಲ್ ಷೋ ನೋಡಿ. ನಾಚಿಕೆ ಬೇಡ, ಒಳ್ಳೇ ಮನೆಯವರು ಬೇಜಾರು ಮಾಡಿಕೊಳ್ಳೋದಿಲ್ಲ, ಬೇಜಾರು ಮಾಡಿಕೊಂಡರೆ ಅದೇ ನಿಮಗೆ ಉತ್ತರ.

ಬಾಗಿಲು ತೆಗೆದ ಕೂಡಲೇ ಮೂಸಿ ನೋಡಿ; ಬೂಷ್ಟು ವಾಸನೆ ಬಂದರೆ ನಿಮ್ಮ ಬಟ್ಟೆಯೂ ಆರೋದಿಲ್ಲ. ಕಿಟಕಿ ತೆಗೆದು ಹಾಕಿ. ಫ್ಯಾನ್ ಪೂರ್ತಿ ಸ್ಪೀಡಿಗೆ ತಿರುಗಿಸಿ. ನಲ್ಲಿ ಬಿಡಿ, ಅನುರಾಧಪುರದಂಥ ಒಣ ಸೀಮೆಯಲ್ಲಿ ನೀರು ಗಡಸು, ಸೋಪು ನೊರೆ ಬರೋದಿಲ್ಲ, ಕುಡಿಯೋಕೆ ಸೀಲ್ ಬಾಟಲಿಯೇ ಆಗಲಿ. ಹಾಸಿಗೆಯ ಅಂಚಿನ ಹೊಲಿಗೆ ಬಿಡಿಸಿ ತಿಗಣೆ ನೋಡಿ. ಪರದೆ, ಜಾಲರಿ, ಹೂಕುಂಡ ನೋಡಿ. ಸಿಗಿರಿಯ, ದಂಬುಲ್ಲ ಕಡೆ ಮಂಗಗಳ ಕಾಟ; ಹೊರಗೆ ಹೋಗುವಾಗ ಕಿಟಕಿ ಹಾಕಿ, ಇಲ್ಲವಾದರೆ ನಿಮ್ಮ ಬಿಸ್ಕತ್ತು ಮರದ ಮೇಲೆ. ಪ್ಲಗ್ಗಿನ ತೂತು ನೋಡಿ. ಹೊಸ ಕಟ್ಟಡಗಳಲ್ಲಿ ಚಪ್ಪಟೆ ಮೂರು ಕಡ್ಡಿಯದು, ನಮ್ಮ ದುಂಡು ಪಿನ್ನು ಹೋಗೋದಿಲ್ಲ, ಅಡಾಪ್ಟರ್ ಬೇಕು. ಬ್ಯಾಗಿನಲ್ಲಿ ಒಂದು ಲುಂಗಿ ಇರಲಿ. ಅದೇ ಹೊದಿಕೆ, ಅದೇ ಟವೆಲು, ಅದೇ ಉಡುಪು. ಅಲ್ಲಿನ ಗಂಡಸರೂ ಮನೆಯಲ್ಲಿ ಉಡೋದು ಅದನ್ನೇ. ಯಾರೂ ತಿರುಗಿ ನೋಡೋದಿಲ್ಲ.

ಕೊನೆಯದಾಗಿ, ಮನೆಯವರ ಜೊತೆ ಐದು ನಿಮಿಷ ಕೂತು ಟೀ ಕುಡೀರಿ. ಊರು ಕೇಳ್ತಾರಾ, ಅಪ್ಪ ಅಮ್ಮನ್ನ ಕೇಳ್ತಾರಾ, ಊಟ ಆಯ್ತಾ ಅಂತಾರಾ ಗಮನಿಸಿ. ನಡುರಾತ್ರಿ ಮೈ ಕಾದಾಗ ಬಾಗಿಲು ತಟ್ಟಿದರೆ ಎದ್ದು ಬರೋರು ಯಾರು ಅನ್ನೋದು ಆ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಬ್ಯಾಗು ಇಳಿಸಿ.